ವಿಶ್ವವಿದ್ಯಾಲಯದ ಹೊಲಕ್ಕೆ ಊರವರು ಬಂದದ್ದು ಹೇಗೆ: ಒಂದು ಪ್ರಕರಣ ಅಧ್ಯಯನ

ಇದು ಕರ್ನಾಟಕದ ಪೂರ್ವ ಬಯಲುಸೀಮೆಯ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ನಡೆದದ್ದು. ಊರು, ವಿಭಾಗ, ವ್ಯಕ್ತಿಗಳ ಹೆಸರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆ ಹೊಲದ ಸಮಿತಿಯಲ್ಲಿ ಇದ್ದವನಾಗಿ ಬರೆಯುತ್ತಿದ್ದೇನೆ. ಇಂಥದೇ ಕೆಲಸಕ್ಕೆ ಕೈಹಾಕಲು ಹೊರಟಿರುವ ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆ ಇದು ಉಪಯೋಗಕ್ಕೆ ಬರಲಿ ಎಂಬುದೇ ಉದ್ದೇಶ.

ಮೊದಲೇ ಹೇಳಬೇಕಾದ್ದು, ಇದು ಕೃಷಿ ವಿಶ್ವವಿದ್ಯಾಲಯವಲ್ಲ. ಬೆಂಗಳೂರು (1964), ಧಾರವಾಡ (1986), ರಾಯಚೂರು (2009) ಕೃಷಿ ವಿಶ್ವವಿದ್ಯಾಲಯಗಳು ಹುಟ್ಟಿದ್ದೇ ಬೇಸಾಯಕ್ಕಾಗಿ. ಅಲ್ಲಿ ಹೊಲ ನೋಡಿಕೊಳ್ಳುವ ಸಿಬ್ಬಂದಿ ಇದ್ದಾರೆ, ಕೂಲಿ ಕೊಡಲು ಲೆಕ್ಕಶೀರ್ಷಿಕೆ ಇದೆ, ಬೀಜ ಮಾರುವ ಘಟಕ ಇದೆ, ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ಇದ್ದು ಕಲಿಯುವ ಪದ್ಧತಿಯೂ ಇದೆ. ಕಲೆ, ವಿಜ್ಞಾನ, ವಾಣಿಜ್ಯ ಕಲಿಸುವ ಸಾಮಾನ್ಯ ವಿಶ್ವವಿದ್ಯಾಲಯದಲ್ಲಿ ಇದ್ಯಾವುದೂ ಇಲ್ಲ. ಕಟ್ಟಡ ಕಟ್ಟಿಸಲು, ಪರೀಕ್ಷೆ ನಡೆಸಲು ಬೇಕಾದ ನಿಯಮಗಳಿವೆ. ಅದೇ ನಿಯಮಗಳ ಒಳಗೆ ರಾಗಿ ಬೆಳೆಯಬೇಕಾಯಿತು.

ಜಾಗದ ಪೂರ್ವೋತ್ತರ

ಕ್ಯಾಂಪಸ್ಸಿನ ಹಿಂಬದಿಯಲ್ಲಿ ಹನ್ನೆರಡು ಎಕರೆಯಷ್ಟು ಜಾಗ ಖಾಲಿ ಬಿದ್ದಿದೆ, ಅಲ್ಲಿ ಸುಸ್ಥಿರ ಕೃಷಿಯ ಸಮುದಾಯ ಹೊಲ ಮಾಡೋಣ ಎಂಬ ಪ್ರಸ್ತಾವನೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮುಂದೆ ಬಂತು. ಕೇಂದ್ರ ಸರ್ಕಾರ 2014ರಲ್ಲಿ ಶುರುಮಾಡಿದ ಉನ್ನತ ಭಾರತ ಅಭಿಯಾನದಡಿ ಉನ್ನತ ಶಿಕ್ಷಣ ಸಂಸ್ಥೆಗಳು ಐದೈದು ಹಳ್ಳಿಗಳನ್ನು ಆಯ್ದುಕೊಂಡು ಕೆಲಸ ಮಾಡಬೇಕಾಗಿತ್ತು. ಹಾಗೆ ಆಯ್ದ ಹಳ್ಳಿಗಳಲ್ಲಿ ಒಂದು ಈ ಜಾಗಕ್ಕೆ ಅಂಟಿಕೊಂಡೇ ಇತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್ಸಿನಲ್ಲಿ 1967ರಲ್ಲಿ ಅಲನ್ ಚಾಡ್ವಿಕ್ ವಿದ್ಯಾರ್ಥಿಗಳ ಜತೆ ಸೇರಿ ಕಟ್ಟಿದ ತೋಟವನ್ನು ಪ್ರಸ್ತಾವನೆಯಲ್ಲಿ ಮಾದರಿಯೆಂದು ತೋರಿಸಲಾಗಿತ್ತು. ಮಾದರಿ ಒಳ್ಳೆಯದೇ. ಆದರೆ ಅಲ್ಲಿ ಕಲಿಯಲು ಬಂದವರು ತಿಂಗಳುಗಟ್ಟಲೆ ಹೊಲದಲ್ಲೇ ವಾಸವಿದ್ದು ಬೇಸಿಗೆಯ ಬೆಳೆ ನೋಡಿಕೊಳ್ಳುತ್ತಿದ್ದರು ಎಂಬ ಅಂಶ ನಮ್ಮ ಕಡತಕ್ಕೆ ಬರಲಿಲ್ಲ. ಮುಂದೆ ಅದೇ ಕಾಡಿತು.

ಜಾಗ ಖಾಲಿ ಇರಲೂ ಇಲ್ಲ. ಹಳೆಯ ದಾಖಲೆಯಲ್ಲಿ ಅದು ಗೋಮಾಳ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಈ ಭಾಗದ ಗೋಮಾಳಗಳಿಗೆಲ್ಲ ನೀಲಗಿರಿ ಬಂದಾಗ ಇಲ್ಲಿಗೂ ಬಂತು. ಆಮೇಲೆ ಜಾಗ ವಿಶ್ವವಿದ್ಯಾಲಯಕ್ಕೆ ಮಂಜೂರಾಯಿತು, ಮರಗಳನ್ನು ಕಡಿದು ಮಾರಿದರು. ಬೊಡ್ಡೆಗಳು ಮತ್ತೆ ಚಿಗುರಿದವು. ಅವುಗಳ ನಡುವೆ ಊರಿನ ಕುರಿ, ಮೇಕೆ, ಒಂದಷ್ಟು ಸೀಮೆಹಸು ಮೇಯುತ್ತಿದ್ದವು. ಹೆಂಗಸರು ಒಣಗಿದ ನೀಲಗಿರಿ ಎಲೆ ಗುಡಿಸಿ ಒಲೆಗೆ ಒಯ್ಯುತ್ತಿದ್ದರು. ಈ ಬಳಕೆ ಯಾವ ಕಾಗದದಲ್ಲೂ ಇರಲಿಲ್ಲವಾದ್ದರಿಂದ ಯೋಜನೆ ಬರೆದವರ ಕಣ್ಣಿಗೆ ಬೀಳಲಿಲ್ಲ.

ಮೊದಲ ಹಣ ಖರ್ಚಾದದ್ದು ತಂತಿ ಬೇಲಿಗೆ ಮತ್ತು ನೆಲ ಸಮತಟ್ಟು ಮಾಡುವುದಕ್ಕೆ. ಟೆಂಡರಿನಲ್ಲಿ ಬೊಡ್ಡೆ ಕಿತ್ತು ನೆಲ ಸಮ ಮಾಡಬೇಕು ಎಂದಿತ್ತು. ಗುತ್ತಿಗೆದಾರರ ಜೆಸಿಬಿ ಆಟದ ಮೈದಾನ ಮಾಡುವ ರೀತಿಯಲ್ಲೇ ಕೆಲಸ ಮುಗಿಸಿತು: ಮೇಲ್ಮಣ್ಣು ಕೆರೆದು ಅಂಚಿಗೆ ಬದುವಾಯಿತು, ಒಳಗಿನ ಗರಸು ಮೇಲೆ ಬಂತು. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಬಹಳ ಕೆಳಗಿತ್ತು. ಶೇ 0.5ರ ಕೆಳಗಿದ್ದರೆ ಕಡಿಮೆ ಎಂದೇ ವರದಿಯಲ್ಲಿ ಬರೆಯುತ್ತಾರೆ. ಊರಿನ ರೈತರೊಬ್ಬರು ಬದುವಿನ ಮೇಲೆ ಹುಲುಸಾಗಿ ಬೆಳೆದ ಹುಲ್ಲು ತೋರಿಸಿ, "ನಿಮ್ಮ ಹೊಲ ಇಲ್ಲಿದೆ ಸಾರ್" ಎಂದರು. ಪರೀಕ್ಷೆಯ ವರದಿ ಹೇಳಿದ್ದೂ ಅದನ್ನೇ.

ಎರಡು ಬೇಸಿಗೆ, ಒಂದು ಗೊಬ್ಬರದ ಕಡತ

ಆರಂಭದ ಯೋಜನೆಯಲ್ಲಿ ತರಕಾರಿ ಇತ್ತು: ಟೊಮೆಟೊ, ಬದನೆ, ಸೊಪ್ಪು, ಹನಿ ನೀರಾವರಿ. ವಿದ್ಯಾರ್ಥಿಗಳಿಗೆ ಬೇಗ ಫಲ ಕಾಣುತ್ತದೆ, ಹಾಸ್ಟೆಲ್ಲಿಗೆ ತಾಜಾ ಕಾಯಿಪಲ್ಯ ಸಿಗುತ್ತದೆ ಎಂಬುದು ಆಲೋಚನೆ. ಎನ್‌ಎಸ್‌ಎಸ್ ಶಿಬಿರದವರು ಉತ್ಸಾಹದಿಂದ ಪಾತಿ ಮಾಡಿದರು, ಸಸಿ ನೆಟ್ಟರು. ಏಪ್ರಿಲ್ ಕೊನೆಗೆ ಪರೀಕ್ಷೆ ಹತ್ತಿರವಾಯಿತು. ಮೇ ತಿಂಗಳಲ್ಲಿ ಹಾಸ್ಟೆಲ್ ಬಾಗಿಲು ಹಾಕಿತು. ಕೊಳವೆಬಾವಿ ಬೇಸಿಗೆಯಲ್ಲಿ ಬಿಟ್ಟು ಬಿಟ್ಟು ನೀರು ಕೊಡುತ್ತಿತ್ತು. ಬಂದಷ್ಟು ನೀರನ್ನು ತಿರುಗಿಸಲು ಕೂಡ ಹೊಲದಲ್ಲಿ ಆಳಿರಲಿಲ್ಲ. ಸಂಯೋಜಕರಾಗಿದ್ದ ಸಸ್ಯಶಾಸ್ತ್ರದ ಅಧ್ಯಾಪಕಿ ತಾವೇ ಬಂದು ವಾಲ್ವ್ ತಿರುಗಿಸುತ್ತಿದ್ದರು. ಒಬ್ಬರ ಶ್ರದ್ಧೆಯಿಂದ ಸಾಗುವ ಕೆಲಸ ಅದಾಗಿರಲಿಲ್ಲ. ಎರಡನೇ ಬೇಸಿಗೆಯೂ ಹೀಗೆಯೇ ಕಳೆಯಿತು.

ಇದರ ಜತೆಗೇ ಗೊಬ್ಬರದ ಪ್ರಶ್ನೆ ಎದ್ದಿತು. ಆ ಗರಸು ನೆಲಕ್ಕೆ ಎಷ್ಟು ಕೊಟ್ಟಿಗೆ ಗೊಬ್ಬರ ಸುರಿದರೂ ಸಾಲದು. ಊರಲ್ಲಿ ಗೊಬ್ಬರ ಇತ್ತು, ಮಾರುವವರೂ ಇದ್ದರು. ಆದರೆ ವಿಶ್ವವಿದ್ಯಾಲಯದ ಲೆಕ್ಕಪತ್ರ ಶಾಖೆಗೆ ಮೂರು ಕೊಟೇಶನ್ ಮತ್ತು ಜಿಎಸ್‌ಟಿ ಬಿಲ್ಲು ಬೇಕು. ತಿಪ್ಪೆಯ ಗೊಬ್ಬರ ಮಾರುವ ರೈತನಿಗೆ ಬಿಲ್ಲು ಪುಸ್ತಕ ಎಲ್ಲಿಂದ ಬರಬೇಕು? ಹಣಕಾಸು ಅಧಿಕಾರಿಯನ್ನು ಇದಕ್ಕೆ ದೂರುವುದು ತಪ್ಪು. ಲೆಕ್ಕ ತಪಾಸಣೆಗೆ ಬಂದವರು ಕೇಳುವುದು ಅವರನ್ನೇ. ಕಡೆಗೆ ನಗರದ ಅಂಗಡಿಯಿಂದ ಚೀಲದಲ್ಲಿ ಕಟ್ಟಿದ ಎರೆಗೊಬ್ಬರ ಬಂತು. ಬೇಲಿಯ ಆಚೆ ತಿಪ್ಪೆಗಳು ತುಂಬಿದ್ದಾಗ ಲಾರಿಯಲ್ಲಿ ಗೊಬ್ಬರ ಬಂದಿಳಿದದ್ದನ್ನು ಊರು ನೋಡಿತು. ಈ ಹೊಲ ತಮ್ಮದಲ್ಲ ಎಂಬ ಭಾವನೆ ಬಲಿಯಲು ಬೇಲಿಯಷ್ಟೇ ಆ ಲಾರಿಯೂ ಕಾರಣವಾಯಿತು ಎಂದು ನನ್ನ ಅಭಿಪ್ರಾಯ.

ಬೇಲಿ ಕತ್ತರಿಸುವುದು ಆಗಲೇ ಶುರುವಾಗಿತ್ತು. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ತೂತು. ರಾತ್ರಿ ಕುರಿ ನುಗ್ಗಿ ಹುರುಳಿ ಪೈರು ಮೇದುಹೋದವು. ಕಾವಲುಗಾರರನ್ನು ಹೆಚ್ಚಿಸಬೇಕು, ಪೊಲೀಸರಿಗೆ ದೂರು ಕೊಡಬೇಕು ಎಂಬ ಮಾತು ಸಮಿತಿಯಲ್ಲಿ ಬಂತು. ದೂರಿನ ಕರಡು ಕೂಡ ಸಿದ್ಧವಾಯಿತು.

ದೂರಿನ ಬದಲು ಸಭೆ

ಕರಡಿಗೆ ಸಹಿ ಬೀಳುವ ಮುನ್ನ ಸಂಯೋಜಕರು ಒಂದು ಷರತ್ತು ಹಾಕಿದರು: ಊರಿಗೆ ಹೋಗಿ ಮಾತಾಡಿದ ಮೇಲೆ ದೂರು. ಸಭೆಯನ್ನು ಕ್ಯಾಂಪಸ್ಸಿನ ಸಭಾಂಗಣದಲ್ಲಿ ಕರೆಯದೆ ಊರಿನ ಅರಳಿಕಟ್ಟೆಯ ಬಳಿ, ಕುರಿ ದೊಡ್ಡಿಗೆ ಸೇರಿದ ಹೊತ್ತಿನಲ್ಲಿ ಇಟ್ಟುಕೊಂಡದ್ದು ಸಣ್ಣ ನಿರ್ಧಾರದಂತೆ ಕಾಣಬಹುದು. ಸಭಾಂಗಣಕ್ಕೆ ಕರೆದಿದ್ದರೆ ಪಂಚಾಯಿತಿ ಸದಸ್ಯರು ಬರುತ್ತಿದ್ದರು. ಕಟ್ಟೆಗೆ ಕುರಿ ಕಾಯುವವರು ಬಂದರು, ಸ್ವಸಹಾಯ ಸಂಘದ ಹೆಂಗಸರು ಬಂದರು.

ಮೊದಲ ಸಭೆಯಲ್ಲಿ ಬರೀ ಸಿಟ್ಟು. ಹಣಕಾಸು ಅಧಿಕಾರಿ ಬಂದು ಕುಳಿತದ್ದು ಎರಡನೇ ಸಭೆಗೆ, ಸಂಯೋಜಕರ ಒತ್ತಾಯಕ್ಕೆ. ಅಲ್ಲಿ ಒಬ್ಬ ಹಿರಿಯ ಕುರಿಗಾಹಿ ಕೇಳಿದ್ದು ಇಷ್ಟು: "ನಿಮಗೆ ಗೊಬ್ಬರ ಬೇಕು, ನಮಗೆ ಮೇವು ಬೇಕು. ಬೆಳೆ ಕುಯ್ದ ಮೇಲೆ ಗೇಟು ಯಾಕೆ ಹಾಕ್ತೀರ?" ಸುಗ್ಗಿ ಮುಗಿದ ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದು ಈ ಸೀಮೆಯ ಹಳೆಯ ರೂಢಿ. ಹಗಲು ಕೂಳೆ, ಕಳೆ ಮೇಯುತ್ತವೆ. ರಾತ್ರಿ ತಡಿಕೆ ಕಟ್ಟಿ ಅಲ್ಲೇ ತರುಬುತ್ತಾರೆ. ಹಿಕ್ಕೆ, ಗಂಜಲ ಎರಡೂ ನೆಲಕ್ಕೆ ಸೇರುತ್ತವೆ. ಮಾರನೇ ರಾತ್ರಿ ತಡಿಕೆ ಪಕ್ಕದ ಪಟ್ಟಿಗೆ ಸರಿಯುತ್ತದೆ. ಹೊಲದೊಡೆಯ ಮಂದೆಯವರಿಗೆ ರಾತ್ರಿಗಿಷ್ಟೆಂದು ಹಣವನ್ನೋ ಕಾಳನ್ನೋ ಕೊಡುತ್ತಾನೆ. ಇಲ್ಲಿ ಹಣ ಕೈ ಬದಲಾಗಬೇಕಿರಲಿಲ್ಲ: ಮೇಯಿಸುವ ಅವಕಾಶಕ್ಕೆ ಪ್ರತಿಯಾಗಿ ಗೊಬ್ಬರ. ಕೊಳ್ಳುವುದು ಇಲ್ಲವಾದ್ದರಿಂದ ಕೊಟೇಶನ್ನೂ ಬೇಡ. ಹಣಕಾಸು ಅಧಿಕಾರಿ ಅಲ್ಲೇ ಒಪ್ಪಿದರು.

ಇಡೀ ಪ್ರಕರಣದ ದೊಡ್ಡ ತಿರುವು ಇದು. ಬೇಲಿ ಹಾಕಿ ಹೊರಗಿಟ್ಟವರೇ ಗೊಬ್ಬರ ತರುವವರಾದರು. ಬೇಲಿ ಉಳಿಯಿತು, ಆದರೆ ಹೊಲಕ್ಕೆ ಎರಡು ಹೊಸ ಗೇಟು ಬಂದವು. ಒಂದರ ಬೀಗದ ಕೈ ಊರಲ್ಲೇ ಇರಬೇಕು ಎಂದು ತೀರ್ಮಾನವಾಯಿತು. ಆಮೇಲೆ ತಂತಿ ಕತ್ತರಿಸಿದ ಪ್ರಸಂಗ ನಡೆಯಲಿಲ್ಲ.

ಆ ವರ್ಷ ಬೆಳೆಯ ಆಸೆಯನ್ನು ಬಹುಪಾಲು ಜಾಗದಲ್ಲಿ ಬಿಟ್ಟರು. ಮುಂಗಾರಿಗೆ ಸೆಣಬು ಚೆಲ್ಲಿ, ಹೂ ಬರುವ ಹೊತ್ತಿಗೆ, ಅಂದರೆ ಒಂದೂವರೆ ತಿಂಗಳ ಆಜುಬಾಜಿನಲ್ಲಿ, ನೆಲಕ್ಕೆ ಉತ್ತು ಸೇರಿಸಿದರು. ಬದುವಾಗಿ ನಿಂತಿದ್ದ ಮೇಲ್ಮಣ್ಣಿನಲ್ಲಿ ಒಂದು ಪಾಲನ್ನು ಟ್ರ್ಯಾಕ್ಟರಿನಲ್ಲಿ ವಾಪಸು ಹರಡಿಸಿದರು. ಬೇಸಿಗೆಯಲ್ಲಿ ಮಂದೆ ನಿಂತಿತು. ವರದಿಯಲ್ಲಿ ತೋರಿಸಲು ಆ ವರ್ಷ ಏನೂ ಇರಲಿಲ್ಲ, ಮೇಲಿನವರಿಂದ ಪ್ರಶ್ನೆಯೂ ಬಂತು. ಸಂಯೋಜಕರು ಮಣ್ಣು ಪರೀಕ್ಷೆಯ ಹಾಳೆಯನ್ನೇ ಉತ್ತರವಾಗಿ ಕಳಿಸಿದರು. ಮೊದಲ ವರ್ಷವೇ ಫೋಟೊಕ್ಕೆ ತಕ್ಕ ಫಸಲು ತೋರಿಸಬೇಕೆಂಬ ಒತ್ತಡಕ್ಕೆ ಸಿಕ್ಕಿ ನೆಲವನ್ನು ಇನ್ನಷ್ಟು ಕೆಡಿಸಿಕೊಂಡ ಸಂಸ್ಥೆಗಳನ್ನು ಬಲ್ಲೆ. ಆ ಒಂದು ವರ್ಷ ಸುಮ್ಮನಿದ್ದದ್ದಕ್ಕೆ ಧೈರ್ಯ ಬೇಕಿತ್ತು.

ಹುಲ್ಲು ಯಾರಿಗೆ?

ಮುಂದಿನ ಹೆಜ್ಜೆ ಬೇಸಾಯ ಮಾಡುವವರು ಯಾರು ಎಂಬುದು. ವಿದ್ಯಾರ್ಥಿಗಳನ್ನು ನಂಬಿ ಹನ್ನೆರಡು ಎಕರೆ ಸಾಗದು ಎಂಬುದು ಗೊತ್ತಾಗಿತ್ತು. ಊರಿನ ಒಂದು ಮಹಿಳಾ ಸ್ವಸಹಾಯ ಸಂಘ ಮುಂದೆ ಬಂತು. ಆ ಸಂಘದ ಹೆಚ್ಚಿನವರಿಗೆ ಸ್ವಂತ ಹೊಲ ಇಲ್ಲ, ಇದ್ದರೂ ಅರ್ಧ, ಒಂದು ಎಕರೆ. ಎಲ್ಲರ ಮನೆಯಲ್ಲೂ ಹಸು ಇದೆ. ಡೇರಿಗೆ ಹಾಕುವ ಹಾಲೇ ಮನೆ ನಡೆಸುವ ದುಡ್ಡು.

ಒಪ್ಪಂದದ ಮೊದಲ ಕರಡಿನಲ್ಲಿ ಕಾಳನ್ನು ಅರ್ಧರ್ಧ ಹಂಚಿಕೊಳ್ಳುವ ಮಾತಿತ್ತು, ಅಷ್ಟೆ. ಹೆಂಗಸರು ಹ್ಞೂಂ ಅನ್ನಲೂ ಇಲ್ಲ, ಉಹುಂ ಅನ್ನಲೂ ಇಲ್ಲ. ಸಭೆ ಮುಗಿದು ಎಲ್ಲರೂ ಎದ್ದಾಗ ಸಂಘದ ಅಧ್ಯಕ್ಷೆ ಕೇಳಿದರು: "ಹುಲ್ಲು ಯಾರಿಗೆ ಮೇಡಂ?" ಕರಡು ಬರೆದವರಿಗೆ ಹುಲ್ಲು ಹೊಳೆದೇ ಇರಲಿಲ್ಲ. ಹಸು ಸಾಕುವ ಮನೆಗೆ ರಾಗಿ ಹುಲ್ಲು ಕಾಳಿನಷ್ಟೇ ಬೆಲೆಬಾಳುತ್ತದೆ. ಮಳೆ ಕೈಕೊಟ್ಟು ತೆನೆ ಜೊಳ್ಳಾದರೂ ಹುಲ್ಲಿನ ಮೆದೆ ಇದ್ದರೆ ಹಸು ಮಾರುವ ಗತಿ ಬರುವುದಿಲ್ಲ. ಹುಲ್ಲು ಪೂರ್ತಿ ಸಂಘಕ್ಕೆ, ಕಾಳಿನಲ್ಲಿ ಅರ್ಧ ಎಂದು ತಿದ್ದಿದ ಮೇಲೆ ಒಪ್ಪಿಗೆ ಒಂದೇ ದಿನದಲ್ಲಿ ಸಿಕ್ಕಿತು.

ಕಾನೂನು ಅಧಿಕಾರಿಯ ಆಕ್ಷೇಪ ಬೇರೆ ರೀತಿಯದು. 1961ರ ಭೂ ಸುಧಾರಣಾ ಕಾಯಿದೆ, ಅದಕ್ಕೆ 1974ರಲ್ಲಿ ಬಂದ ತಿದ್ದುಪಡಿ ಈ ರಾಜ್ಯದ ಆಡಳಿತಗಾರರ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗಿ ಕೂತಿವೆ: ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟರೆ ಉಳುವವರು ಹಕ್ಕು ಕೇಳಿದರೆ ಗತಿಯೇನು? ತಿಂಗಳುಗಟ್ಟಲೆ ಕಡತ ಅಲ್ಲೇ ನಿಂತಿತು. ಬಿಡಿಸಿದ್ದು ಹೀಗೆ: ಒಪ್ಪಂದ ವ್ಯಕ್ತಿಗಳ ಜತೆಗಲ್ಲ, ಸಂಘದ ಜತೆಗೆ, ಭೂಮಿಯ ಮೇಲಲ್ಲ, ಒಂದು ಹಂಗಾಮಿನ ಬೆಳೆಯ ಮೇಲೆ, ಯಾವ ಕುಟುಂಬಕ್ಕೂ ಇದೇ ಪಟ್ಟಿ ಎಂದು ಗುರುತಿಲ್ಲ. ಗ್ರಾಮ ಪಂಚಾಯಿತಿಯನ್ನು ಸಾಕ್ಷಿಯಾಗಿ ಸೇರಿಸಿ ಸಿಂಡಿಕೇಟ್ ಒಪ್ಪಿಗೆ ಪಡೆದರು. ಈ ಏರ್ಪಾಡಿನ ಒಂದು ಕೊರತೆ ಈಗಲೂ ನನ್ನನ್ನು ಕಾಡುತ್ತದೆ. ಹಂಗಾಮಿನಿಂದ ಹಂಗಾಮಿಗೆ ನಡೆಯುವ ಒಪ್ಪಂದದಲ್ಲಿ ಹಣ್ಣಿನ ಗಿಡ, ಮರಬೇಸಾಯದಂಥ ದೀರ್ಘ ಕಾಲದ ಕೆಲಸಕ್ಕೆ ಅವರು ಕೈಹಾಕುವುದಿಲ್ಲ, ಹಾಕೆಂದು ಹೇಳುವ ನೈತಿಕ ಬಲ ನಮಗೂ ಇಲ್ಲ.

ಮಳೆ ಮತ್ತು ವೇಳಾಪಟ್ಟಿ

ತರಕಾರಿ ಬಿಟ್ಟು ಮಳೆಯಾಶ್ರಿತ ರಾಗಿಗೆ ತಿರುಗಿದ ಮೇಲೆ ವಿಶ್ವವಿದ್ಯಾಲಯದ ಕ್ಯಾಲೆಂಡರು ಎದುರಾಯಿತು. ಈ ಭಾಗದಲ್ಲಿ ವರ್ಷಕ್ಕೆ 700ರಿಂದ 750 ಮಿಲಿಮೀಟರ್ ಮಳೆ, ಅತಿ ಹೆಚ್ಚು ಮಳೆಯ ತಿಂಗಳು ಸೆಪ್ಟೆಂಬರ್, ಅಕ್ಟೋಬರ್. ಆರಿದ್ರ, ಪುನರ್ವಸುವಿನಲ್ಲಿ ಹದ ಸಿಕ್ಕರೆ ಜುಲೈ ಒಳಗೆ ಕೂರಿಗೆ ಹಿಡಿಯಬೇಕು. ಆಗ ವಿಶ್ವವಿದ್ಯಾಲಯದಲ್ಲಿ ಪ್ರವೇಶಾತಿ ನಡೆಯುತ್ತಿರುತ್ತದೆ. ತರಗತಿ ತುಂಬುವುದು ಆಗಸ್ಟಿನಲ್ಲಿ. ಹೊಲ ಕಲಿಸುವ ಪಾಠಶಾಲೆಯೂ ಆಗಬೇಕು ಎಂದಾದರೆ ಬಿತ್ತನೆಯನ್ನೇ ನೋಡದ ವಿದ್ಯಾರ್ಥಿಗೆ ಏನು ಕಲಿಸುವುದು? ಕೆಲವು ಅಧ್ಯಾಪಕರು ಬಿತ್ತನೆಯನ್ನು ಆಗಸ್ಟಿಗೆ ಮುಂದೂಡಿ ಎಂದರು. ಹೆಂಗಸರು ಒಪ್ಪಲಿಲ್ಲ, ಹದ ಹೋದ ಮೇಲೆ ಬಿತ್ತಿ ಕೈ ಸುಟ್ಟುಕೊಳ್ಳುವವರು ತಾವೇ ಎಂದರು. ಅವರ ಮಾತು ಸರಿಯಿತ್ತು.

ಪರಿಹಾರ ಬಂದದ್ದು ನಾಟಿ ರಾಗಿಯಿಂದ. ಹೊಲವನ್ನು ಎರಡು ಪಾಲು ಮಾಡಿದರು. ದೊಡ್ಡ ಪಾಲಿಗೆ ಜುಲೈನಲ್ಲಿ ಹದ ಬಿದ್ದೊಡನೆ ಸಂಘದವರೇ ಕೂರಿಗೆಯಲ್ಲಿ ಬಿತ್ತುವುದು. ಇನ್ನೊಂದು ಪಾಲಿಗೆ ಅದೇ ಹೊತ್ತಿನಲ್ಲಿ ಮಡಿಯಲ್ಲಿ ಸಸಿ ಬಿಟ್ಟು, ಮೂರು ವಾರ ಕಳೆದ ಪೈರನ್ನು ಆಗಸ್ಟಿನಲ್ಲಿ ವಿದ್ಯಾರ್ಥಿಗಳು ಬಂದ ಮೇಲೆ ನಾಟಿ ಮಾಡುವುದು. ತಳಿಯನ್ನೂ ಲೆಕ್ಕ ಹಾಕಿಯೇ ಆರಿಸಿದರು. ಜಿಪಿಯು 28 ಸುಮಾರು 110–115 ದಿನದ ಬೆಳೆ, ಬೆಂಕಿರೋಗ ತಡೆದುಕೊಳ್ಳುತ್ತದೆ. ಜುಲೈನಲ್ಲಿ ಬಿತ್ತಿದ್ದು ನವೆಂಬರಿನಲ್ಲಿ, ಪರೀಕ್ಷೆಯ ಜ್ವರ ಏರುವ ಮುಂಚೆ, ಕುಯ್ಲಿಗೆ ಬರುತ್ತದೆ. ನಾಟಿಗೆ ಎಕರೆಗೆ ಎರಡು ಕೆ.ಜಿ. ಬೀಜ ಸಾಕು, ಕೂರಿಗೆಗೆ ಅದರ ಎರಡರಷ್ಟಕ್ಕೂ ಹೆಚ್ಚು ಬೇಕು. ಎರಡೂ ಪದ್ಧತಿ ಪಕ್ಕಪಕ್ಕದಲ್ಲಿ ಇದ್ದದ್ದರಿಂದ ಹೋಲಿಸಿ ನೋಡುವ ಪಾಠ ತಾನಾಗಿ ಒದಗಿತು: ನಾಟಿಯ ಪೈರಿಗೆ ತೆಂಡೆ (ಬುಡದಿಂದ ಒಡೆಯುವ ಕವಲು) ಹೆಚ್ಚು, ಆಳಿನ ಖರ್ಚೂ ಹೆಚ್ಚು. ಆಗಸ್ಟಿನಲ್ಲಿ ಮಳೆ ತಡವಾದ ಒಂದು ವರ್ಷ ಸಸಿ ಮಡಿಯಲ್ಲೇ ಬಲಿತು ಆ ಪಾಲು ಸೊರಗಿತು. ಅದೂ ವಿದ್ಯಾರ್ಥಿಗಳ ದಿನಚರಿಗೆ ಸೇರಿತು.

ರಾಗಿಯ ನಡುವೆ ಸಾಲಾಗಿ ಹಾಕುವ ಅಕ್ಕಡಿ ಬೆಳೆಯ ವಿಚಾರದಲ್ಲಿ ಸಂಘದವರಿಗೂ ಕುರಿಯವರಿಗೂ ಜಟಾಪಟಿಯಾಯಿತು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬುದು ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ಹೆಂಗಸರಿಗೆ ಅವರೆ, ಹುಚ್ಚೆಳ್ಳೂ ಬೇಕು. ಮನೆ ಸಾರಿಗೆ, ಎಣ್ಣೆಗೆ ಆಗುತ್ತದೆ. ಆದರೆ ರಾಗಿ ಕುಯ್ದ ಮೇಲೂ ತೊಗರಿ, ಅವರೆ ಹೊಲದಲ್ಲಿ ನಿಂತಿರುತ್ತವೆ, ಗೇಟು ತೆಗೆಯುವಂತಿಲ್ಲ. ಡಿಸೆಂಬರಿಗೆ ಮೇವು ಸಿಗುತ್ತದೆ ಎಂದು ಕಾದಿದ್ದ ಕುರಿಯವರು ಮುನಿಸಿಕೊಂಡರು. ಅಧ್ಯಾಪಕರು ತೀರ್ಪು ಹೇಳಲು ಹೋಗದೆ ಎರಡೂ ಕಡೆಯವರನ್ನೇ ಕೂರಿಸಿದರು. ಕ್ಯಾಂಪಸ್ ಬದಿಯ ಪಾಲಿನಲ್ಲಿ ಮಾತ್ರ ಅಕ್ಕಡಿ, ಅಲ್ಲಿಗೆ ಸಂಕ್ರಾಂತಿ ಕಳೆದ ಮೇಲೆ ಮಂದೆ. ಊರ ಬದಿಯಲ್ಲಿ ಬರೀ ರಾಗಿ, ಅಲ್ಲಿಗೆ ಕಣ ಮುಗಿದೊಡನೆ. ಈ ಗೆರೆ ಎಳೆದವರು ಅವರೇ.

ವಿದ್ಯಾರ್ಥಿಗಳು ಏನು ಮಾಡಬೇಕು?

ಕಲಿಕೆಯ ಕಡೆ ಬಂದರೆ, ಮೊದಲೆಲ್ಲ ವಿದ್ಯಾರ್ಥಿಗಳೆಂದರೆ ಸಂಬಳವಿಲ್ಲದ ಆಳು ಎನ್ನುವ ಹಾಗಿತ್ತು. ಇದಕ್ಕೆ ಎರಡು ದಿಕ್ಕಿನಿಂದ ತಕರಾರು ಬಂತು. ಹುಡುಗರು ಪುಗಸಟ್ಟೆ ಕಳೆ ತೆಗೆದರೆ ನಮ್ಮ ಕೂಲಿ ಹೋಗುತ್ತದೆ ಎಂದರು ಕೂಲಿಗೆ ಹೋಗುವ ಹೆಂಗಸರು. ಇನ್ನೊಂದು ಮಾತು ಒಬ್ಬ ವಿದ್ಯಾರ್ಥಿನಿಯದು: "ಹೊಲದ ಕೆಲಸ ಬೇಡ ಅಂತಾನೇ ನಮ್ಮಪ್ಪ ನನ್ನ ಓದಕ್ಕೆ ಕಳಿಸಿದ್ದು. ಇಲ್ಲೂ ಕಳೆ ತೆಗೀಬೇಕಾ ಮೇಡಂ?" ತರಗತಿಯ ಬಹುಪಾಲು ಮಕ್ಕಳು ರೈತಾಪಿ ಮನೆಯವರು. ಅವರಿಗೆ ಕುಡುಗೋಲು ಹಿಡಿಯಲು ಕಲಿಸಬೇಕಾಗಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಹಿಡಿದೇ ಹಿಡಿಯುತ್ತಾರೆ. ಬೇಸಾಯದ ಸುಖದ ಬಗ್ಗೆ ಅವರಿಗೆ ಭಾಷಣ ಮಾಡುವುದು ಅವಮಾನ ಮಾಡಿದಂತೆ. ಈ ಪ್ರಶ್ನೆ ಎದ್ದ ಮೇಲೆ ಹೊಲವನ್ನು ಆಧರಿಸಿದ ಪಠ್ಯ ಪತ್ರಿಕೆಯ ರೂಪವೇ ಬದಲಾಯಿತು.

ಮುಕ್ತ ಐಚ್ಛಿಕ ಪತ್ರಿಕೆಯಾಗಿ ಅಧ್ಯಯನ ಮಂಡಳಿಯ ಒಪ್ಪಿಗೆ ಪಡೆದ ಮೇಲೆ ವಿದ್ಯಾರ್ಥಿಗಳ ಮುಖ್ಯ ಕೆಲಸ ಅಳೆಯುವುದು, ಬರೆಯುವುದು, ಲೆಕ್ಕ ಹಾಕುವುದು. ಮಳೆಮಾಪಕ ನೋಡುವುದು, ತೆಂಡೆ ಎಣಿಸುವುದು, ಪ್ರತಿ ಕೆಲಸಕ್ಕೆ ಎಷ್ಟು ಆಳು, ಎಷ್ಟು ದುಡ್ಡು ಎಂದು ದಿನಚರಿ ಇಡುವುದು. ಜತೆಗೆ ಪ್ರತಿಯೊಬ್ಬರೂ ತಮ್ಮ ಮನೆಯ ಹೊಲದ ಒಂದು ಬೆಳೆಯ ಖರ್ಚುವೆಚ್ಚ ಬರೆದು ತರಬೇಕು. ಇಲ್ಲಿಯೇ ನಿಜವಾದ ಚರ್ಚೆ ಹುಟ್ಟಿತು. ಮನೆಯವರ ದುಡಿಮೆಗೆ ಕೂಲಿ ಹಾಕಿ ಲೆಕ್ಕ ನೋಡಿದಾಗ ಹಲವರ ಮನೆಯ ರಾಗಿ ನಷ್ಟದಲ್ಲಿತ್ತು. ಆ ಹಾಳೆಯನ್ನು ತರಗತಿಯಲ್ಲಿ ಓದುವಾಗ ಕೆಲವರು ಬಿಕ್ಕಳಿಸಿದ್ದಾರೆ. ಅರ್ಥಶಾಸ್ತ್ರದ ಅಧ್ಯಾಪಕರು ಆಮೇಲೆ ಕೃಷಿ ಬೆಲೆ ನೀತಿಯ ಪಾಠವನ್ನು ಈ ಹಾಳೆಗಳಿಂದಲೇ ಶುರುಮಾಡುತ್ತ ಬಂದರು. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಇನ್ನೊಂದು ವ್ಯತ್ಯಾಸವೂ ಕಂಡಿತು: ರೈತರ ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಉಚಿತ ವಿದ್ಯುತ್ ಕೊಡುತ್ತದೆ, ವಿಶ್ವವಿದ್ಯಾಲಯ ಮೀಟರಿನಂತೆ ಕಟ್ಟುತ್ತದೆ. ಸಂಬಳದ ಅಧ್ಯಾಪಕರು ನೋಡಿಕೊಳ್ಳುವ ಹೊಲದ ಲಾಭನಷ್ಟವನ್ನು ರೈತನ ಹೊಲಕ್ಕೆ ಹೋಲಿಸುವಾಗ ಎಷ್ಟು ಜಾಗ್ರತೆ ಬೇಕು ಎಂಬುದು ವಿದ್ಯಾರ್ಥಿಗಳಿಗೆ ಇಲ್ಲೇ ತಿಳಿಯಿತು.

ಮೈಮುರಿದು ಮಾಡುವ ಕೆಲಸ ಪೂರ್ತಿ ಹೋಗಲಿಲ್ಲ. ಅದು ಮುಯ್ಯಾಳಿನ, ಅಂದರೆ ದುಡಿಮೆಗೆ ದುಡಿಮೆ ಕೊಡುವ, ಲೆಕ್ಕಕ್ಕೆ ಬಂತು. ನಾಟಿಯ ದಿನ ಸಂಘದವರು ವಿದ್ಯಾರ್ಥಿಗಳ ಪಾಲಿನ ಹೊಲಕ್ಕೆ ಬಂದು ಸಾಲು ಹಿಡಿಯುವುದು ಹೇಗೆಂದು ತೋರಿಸುತ್ತಾರೆ. ಬದಲಿಗೆ ವಿದ್ಯಾರ್ಥಿಗಳು ಕುಯ್ಲಿನಲ್ಲಿ ಸಂಘದ ಸದಸ್ಯರ ಸ್ವಂತ ಹೊಲಕ್ಕೆ ಹೋಗುತ್ತಾರೆ. ಸಂಘದ ಪಾಲಿನ ಕಳೆ, ಎಡೆಕುಂಟೆ ಕೆಲಸಕ್ಕೆ ಕೂಲಿ ಕೊಟ್ಟೇ ಆಳು. ಮೌಖಿಕ ಪರೀಕ್ಷೆ ಹೊಲದಲ್ಲೇ ನಡೆಯುತ್ತದೆ, ಸಂಘದ ಒಬ್ಬ ಸದಸ್ಯೆ ಪ್ರಶ್ನೆ ಕೇಳುತ್ತಾರೆ. ಅವರು ಕೊಡುವ ಅಂಕವನ್ನು ನಿಯಮದಂತೆ ನೇರ ಸೇರಿಸಲು ಬಾರದು. ಆಂತರಿಕ ಮೌಲ್ಯಮಾಪಕರು ಅವರ ಅಭಿಪ್ರಾಯ ಕೇಳಿ ಬರೆಯುತ್ತಾರೆ. ಆ ಸದಸ್ಯೆಗೆ ಅತಿಥಿ ಸಂಭಾವನೆ ಕೊಡಿಸಲು ಬೇರೆಯೇ ಒಂದು ಕಡತ ಓಡಿಸಬೇಕಾಯಿತು, ಓಡಿಸಿದರು.

ದುಡ್ಡು ತಿರುಗುವ ದಾರಿ

ಹೊಲದ ಆದಾಯ ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಗೆ ಹೋದರೆ ಅದನ್ನು ಮತ್ತೆ ಹೊಲಕ್ಕೆ ತರಲು ಹೊಸ ಮಂಜೂರಾತಿ ಬೇಕು. ರಾಗಿಗೆ ಬಿತ್ತಿದ ಮೂರು, ನಾಲ್ಕು ವಾರದಲ್ಲಿ ಕಳೆ ತೆಗೆಯದಿದ್ದರೆ ಬೆಳೆ ಕೈಬಿಟ್ಟಂತೆ. ಕಡತ ಅಷ್ಟರಲ್ಲಿ ಒಂದು ಮೇಜು ದಾಟಿರುವುದಿಲ್ಲ. ಆದ್ದರಿಂದ ಆದಾಯ ಹೊಲಕ್ಕೇ ತಿರುಗಿ ಬರುವಂತೆ ಒಂದು ಆವರ್ತ ನಿಧಿ ಮಾಡಿದರು. ಅದಕ್ಕೆ ಮಿತಿ ಇದೆ. ಸಂಯೋಜಕರು ಮತ್ತು ಹಣಕಾಸು ಶಾಖೆಯ ಒಬ್ಬರು ಜಂಟಿಯಾಗಿ ಸಹಿ ಹಾಕುತ್ತಾರೆ, ಹಂಗಾಮು ಮುಗಿದ ಮೇಲೆ ತಪಾಸಣೆ. ಹೊಸದಾಗಿ ಆರಂಭಿಸುವವರು ಬೇಲಿಗಿಂತ ಮೊದಲು ಈ ನಿಧಿ ಮಾಡಿಕೊಳ್ಳಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಮಾರಾಟಕ್ಕೂ ದಾರಿ ಹುಡುಕಬೇಕಾಯಿತು. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಫ್ರೂಟ್ಸ್ ಎಂಬ ಸರ್ಕಾರಿ ರೈತ ನೋಂದಣಿಯ ಗುರುತಿನ ಸಂಖ್ಯೆ ಕೇಳುತ್ತಾರೆ, ವಿಶ್ವವಿದ್ಯಾಲಯ ರೈತನಲ್ಲ. ಹಾಸ್ಟೆಲ್ಲು ಪಕ್ಕದಲ್ಲೇ ಇದ್ದರೂ ಅಲ್ಲಿನ ಮೆಸ್ಸಿಗೆ ದಿನಸಿ ಬರುವುದು ಅತಿ ಕಡಿಮೆ ದರದ ಟೆಂಡರಿನಲ್ಲಿ. ಒಂದೇ ಸಂಸ್ಥೆಯ ಎರಡು ಘಟಕಗಳ ನಡುವಿನ ವರ್ಗಾವಣೆ ಎಂದು ತೋರಿಸಿ ರಾಗಿಯನ್ನು ಟೆಂಡರಿನಿಂದ ಹೊರಗಿಟ್ಟರು, ದರಕ್ಕೆ ಆ ವರ್ಷದ ಬೆಂಬಲ ಬೆಲೆಯನ್ನೇ ಇಟ್ಟುಕೊಂಡರು. ಕ್ವಿಂಟಾಲಿಗೆ 2023–24ರಲ್ಲಿ 3,846 ರೂಪಾಯಿ, 2024–25ರಲ್ಲಿ 4,290 ರೂಪಾಯಿ. ಚೌಕಾಸಿಗೆ ಎಡೆಯಿಲ್ಲದ, ಯಾರೂ ಪ್ರಶ್ನಿಸಲಾಗದ ಒಂದು ದರ ಸಿಕ್ಕಿದ್ದರಿಂದ ಸಂಘದವರೂ ತಮ್ಮ ಪಾಲಿನ ಕಾಳಿನಲ್ಲಿ ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಅಲ್ಲೇ ಕೊಟ್ಟರು. ಉತ್ತರ ಕರ್ನಾಟಕದಿಂದ ಬಂದ ಹುಡುಗರು ಮುದ್ದೆಗೆ ಮೂಗು ಮುರಿದು ಜೋಳದ ರೊಟ್ಟಿ ಕೇಳಿದರು. ಅವರ ಸಲುವಾಗಿ ಒಂದು ತುಂಡು ನೆಲದಲ್ಲಿ ಹಿಂಗಾರಿ ಜೋಳ ಹಾಕಿದ್ದು ಈ ಕೆಂಪು ನೆಲದಲ್ಲಿ ಏಳಲಿಲ್ಲ.

ಕಟ್ಟಡದ ನಕ್ಷೆ ಬಂದಾಗ

ಕುಲಪತಿಗಳ ಅವಧಿ ನಾಲ್ಕು ವರ್ಷ. ಹೊಲಕ್ಕೆ ಬೆಂಬಲವಾಗಿದ್ದವರು ಹೋದರು. ಹೊಸ ಆಡಳಿತದ ಕಾಲದಲ್ಲಿ ಅದೇ ಜಾಗದಲ್ಲಿ ಒಂದು ಕಟ್ಟಡದ ನಕ್ಷೆ ತಯಾರಾಯಿತು. ಕಟ್ಟಡದ ಅಗತ್ಯ ಸುಳ್ಳಲ್ಲ, ಜಾಗದ ಕೊರತೆ ಇತ್ತು. ಹೊಲವನ್ನು ಆಗ ಉಳಿಸಿದ್ದು ಅದರ ಕುರಿತು ಬಂದ ಪತ್ರಿಕಾ ವರದಿಗಳಲ್ಲ, ಗಣ್ಯರ ಭೇಟಿಯೂ ಅಲ್ಲ. ಪಠ್ಯಕ್ರಮದಲ್ಲಿ ಅಂಕವಿರುವ ಒಂದು ಪತ್ರಿಕೆ ಈ ಹೊಲವನ್ನೇ ನಂಬಿತ್ತು. ಪಂಚಾಯಿತಿಯ ಸಾಕ್ಷಿಯುಳ್ಳ ಒಪ್ಪಂದಕ್ಕೆ ಸಿಂಡಿಕೇಟ್ ನಡಾವಳಿ ಇತ್ತು. ಪ್ರತಿ ವರ್ಷ ತಪಾಸಣೆಯಾದ ಲೆಕ್ಕ ಇತ್ತು. ಇವನ್ನು ರದ್ದು ಮಾಡಲು ಮೂರು ಕಡೆ ನಿರ್ಣಯ ಬೇಕಾಗುತ್ತಿತ್ತು. ಊರವರು ಮೆರವಣಿಗೆ ಮಾಡಲಿಲ್ಲ. ಸಂಘದ ಅಧ್ಯಕ್ಷೆ ಮತ್ತು ಕುರಿಯವರಲ್ಲಿ ಇಬ್ಬರು ಕುಲಸಚಿವರ ಕಚೇರಿಗೆ ಹೋಗಿ ಒಪ್ಪಂದದ ಪ್ರತಿ ಮುಂದಿಟ್ಟು ಕೂತರು.

ಹೊಲ ಪೂರ್ತಿ ಉಳಿಯಲಿಲ್ಲ. ರಸ್ತೆ ಬದಿಯ ಮೂರು ಎಕರೆ ಹೋಯಿತು. ಅದರಲ್ಲೇ ಮೊದಲು ಮೇಲ್ಮಣ್ಣು ವಾಪಸು ಹರಡಿ ಹದಕ್ಕೆ ತಂದಿದ್ದ ಪಟ್ಟಿಯೂ ಸೇರಿತ್ತು. ಈ ಸಲ ಅಡಿಪಾಯ ತೆಗೆಯುವ ಮುನ್ನ ಆ ಮಣ್ಣನ್ನು ಕೆರೆದು ಉಳಿದ ಹೊಲಕ್ಕೆ ಸಾಗಿಸಬೇಕು ಎಂಬ ಷರತ್ತು ಟೆಂಡರಿಗೆ ಸೇರಿತು. ಸೇರಿಸಿ ಎಂದು ಪಟ್ಟು ಹಿಡಿದವರು ಹಣಕಾಸು ಅಧಿಕಾರಿ.

ಫಸಲಿನ ಮಾತಿಗೆ ಬಂದರೆ, ಒಳ್ಳೆಯ ಮಳೆಯ ವರ್ಷ ಇಲ್ಲಿನ ರಾಗಿ ಅಕ್ಕಪಕ್ಕದ ಹೊಲಗಳ ಸಮಕ್ಕೆ ಬಂದಿದೆ, ಮೀರಿಲ್ಲ. ಗರಸು ನೆಲದಿಂದ ಅಲ್ಲಿಗೆ ಬಂದದ್ದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ನವಿಲು, ಹಂದಿ ಕಾಟ ಹೆಚ್ಚಿದೆ. ರಾತ್ರಿ ಕಾವಲಿಗೆ ಸರಿಯಾದ ಏರ್ಪಾಡು ಇನ್ನೂ ಆಗಿಲ್ಲ. ಒಲೆಗೆ ಎಲೆ ಗುಡಿಸಿ ಒಯ್ಯುತ್ತಿದ್ದ ಹೆಂಗಸರಲ್ಲಿ ಸಂಘದ ಹೊರಗಿದ್ದವರಿಗೆ ಈ ಯೋಜನೆಯಿಂದ ಏನೂ ದಕ್ಕಿಲ್ಲ. ಅವರು ಕಟ್ಟೆಯ ಸಭೆಗೂ ಬಂದಿರಲಿಲ್ಲ. ಅವರನ್ನು ಕರೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಬದುಗಳ ಮೇಲೆ ಹೊಂಗೆ, ಗ್ಲಿರಿಸಿಡಿಯಾ ನೆಟ್ಟು ಸೌದೆ, ಸೊಪ್ಪಿನ ಹಕ್ಕನ್ನು ಅವರಿಗೆ ಬರೆದುಕೊಡಬೇಕು ಎಂಬ ಪ್ರಸ್ತಾವನೆ ಈಗ ಸಮಿತಿಯ ಮುಂದಿದೆ. ಮರ ನೆಡಬೇಕಾದರೆ ಒಂದು ಹಂಗಾಮಿನ ಒಪ್ಪಂದ ಸಾಲದು, ಕನಿಷ್ಠ ಹತ್ತು ವರ್ಷದ್ದು ಬೇಕು. ಕಾನೂನು ಅಧಿಕಾರಿ ಅದನ್ನು ಓದುತ್ತಿದ್ದಾರೆ.